ಯಂತ್ರವಷ್ಟೇ ಅಲ್ಲ, ಹದವೂ ಎಲ್ಲರದಾಗಲಿ

ರಾತ್ರಿಯಿಡೀ ಆ ಥರ್ಮೋಕೋಲ್ ಡಬ್ಬಿ ಅವಳ ತೊಡೆಯ ಮೇಲೆಯೇ ಇತ್ತು. ಬಯಲುಸೀಮೆಯ ನಮ್ಮ ಊರಿನಿಂದ ಬೆಂಗಳೂರಿಗೆ ಹೊರಟ ಬಸ್ಸಿನಲ್ಲಿ ಕಂಡಕ್ಟರ್ ಎರಡು ಸಲ "ಮೇಲಿಡಮ್ಮಾ, ಯಾರೂ ಕದಿಯಲ್ಲ" ಅಂದರೂ ಅವಳು ಅದನ್ನು ಕೈಬಿಡಲಿಲ್ಲ. ಡಬ್ಬಿಯೊಳಗೆ ಐಸು, ಐಸಿನ ನಡುವೆ ಕಿರುಬೆರಳಿಗಿಂತ ಚಿಕ್ಕದಾದ ಮೂರು ಪ್ಲಾಸ್ಟಿಕ್ ಕೊಳವೆ, ಆ ಕೊಳವೆಗಳಲ್ಲಿ ಅವಳ ಎರಡು ವರ್ಷದ ಕೆಲಸ. ಹುರುಳಿಕಾಳಿನಿಂದ ಬೇರ್ಪಡಿಸಿದ ಒಂದು ಪ್ರೋಟೀನನ್ನು ಜೆಲ್‌ನಲ್ಲಿ ಓಡಿಸಿ, ನೀಲಿ ಪಟ್ಟಿಯಾಗಿ ಕಂಡ ಜಾಗವನ್ನು ಬ್ಲೇಡಿನಿಂದ ಕೊಯ್ದು ತಂದಿದ್ದಳು. ಅದು ಯಾವ ಪ್ರೋಟೀನ್ ಎಂದು ಗೊತ್ತಾಗಬೇಕಾದರೆ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ನಮ್ಮ ಕಾಲೇಜಿನಲ್ಲಿ ಅದಿಲ್ಲ. ಹಾಗಾಗಿ ಅರ್ಜಿ ತುಂಬಿ, ಹಣ ಕಟ್ಟಿ, ಬೆಂಗಳೂರಿನ ಒಂದು ಸಾಮೂಹಿಕ ಪ್ರಯೋಗಾಲಯಕ್ಕೆ ಹೊರಟಿದ್ದೆವು. ಅವಳು ಸಂಶೋಧನಾ ವಿದ್ಯಾರ್ಥಿನಿ, ನಾನು ಅವಳ ಗೈಡು.

ಮೂರು ವಾರದ ಮೇಲೆ ಫಲಿತಾಂಶ ಬಂತು. ಯಂತ್ರ ಕೊಟ್ಟ ಹೆಸರುಗಳ ಪಟ್ಟಿಯ ಮೇಲಿನ ಸಾಲುಗಳಲ್ಲೆಲ್ಲ ಒಂದೇ ಹೆಸರು: ಕೆರಾಟಿನ್, ಅದೂ ಮನುಷ್ಯನದು. ಕೆರಾಟಿನ್ ಎಂದರೆ ನಮ್ಮ ಚರ್ಮ, ಕೂದಲು, ಉಗುರುಗಳ ಪ್ರೋಟೀನ್. ಹುರುಳಿಕಾಳಿನಲ್ಲಿ ಅದಕ್ಕೇನು ಕೆಲಸ? ಹುಡುಗಿ ಮಂಕಾಗಿ ಕುಳಿತಳು. ಮರುದಿನ ಆ ಯಂತ್ರ ನಡೆಸುವ ಮೇಡಂ ತಾವಾಗಿಯೇ ಫೋನ್ ಮಾಡಿದರು. "ಪಟ್ಟಿ ಕೊಯ್ಯುವಾಗ ಗ್ಲೌಸ್ ಹಾಕಿದ್ರೇನಮ್ಮಾ? ತಲೆಗೆ ಕ್ಯಾಪ್ ಇತ್ತಾ? ಜೆಲ್ ತಟ್ಟೆಗೆ ಮುಚ್ಚಳ?" ಒಂದೊಂದಾಗಿ ಕೇಳಿ, "ಇದು ನಿಮ್ಮ ಕೈಯಿಂದ, ಕೂದಲಿಂದ ಉದುರಿದ್ದು. ಮೊದಲ ಸಲ ಬಹಳ ಜನಕ್ಕೆ ಹೀಗಾಗುತ್ತೆ, ಹೆದರಬೇಡಿ" ಅಂದರು. ಆಮೇಲೆ ನಾವು ಅರ್ಜಿಯಲ್ಲಿ ಬರೆಯದ ಒಂದು ಪ್ರಶ್ನೆ ಕೇಳಿದರು: "ಅದಿರಲಿ, ನಿಮ್ಮ ಪ್ರೋಟೀನ್ ಕಾಳಿನಲ್ಲಿ ಮಾಡೋ ಕೆಲಸ ಏನು?" ಇವಳು, "ಟ್ರಿಪ್ಸಿನ್ನನ್ನ ತಡೆಯುತ್ತೆ ಮೇಡಂ" ಅಂದಳು. ಆ ಕಡೆ ಒಂದು ಕ್ಷಣ ಮೌನ. "ಅಯ್ಯೋ, ನಾವು ಇಲ್ಲಿ ಪ್ರೋಟೀನ್ ಕತ್ತರಿಸೋದೇ ಟ್ರಿಪ್ಸಿನ್‌ನಿಂದ ಅಲ್ವೇನಮ್ಮಾ!"

ಆ ಮಾತಿನ ಬೆಲೆ ತಿಳಿಯಬೇಕಾದರೆ ಈ ಕೆಲಸ ನಡೆಯುವ ಬಗೆಯನ್ನು ಸ್ವಲ್ಪ ಹೇಳಬೇಕು. ಅಪರಿಚಿತ ಪ್ರೋಟೀನೊಂದನ್ನು ಗುರುತಿಸುವಾಗ ಇಡೀ ಪ್ರೋಟೀನನ್ನು ಹಾಗೆಯೇ ಯಂತ್ರಕ್ಕೆ ಕೊಡುವುದು ಅಪರೂಪ. ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಮೊದಲು ಅದನ್ನು ತುಂಡು ಮಾಡುತ್ತಾರೆ. ನಮ್ಮ ಹೊಟ್ಟೆಯಲ್ಲಿ ಊಟದ ಪ್ರೋಟೀನನ್ನು ಅರಗಿಸುವ ಕಿಣ್ವವೇ ಇದು. ಪ್ರೋಟೀನಿನ ಸರಪಣಿಯಲ್ಲಿ ಲೈಸೀನ್, ಅರ್ಜಿನೀನ್ ಎಂಬ ಎರಡು ಕೊಂಡಿಗಳು ಬಂದ ಕಡೆ ಮಾತ್ರ ಅದು ಕತ್ತರಿ ಹಾಕುತ್ತದೆ. ಹಾಗೆ ಬಿದ್ದ ತುಂಡುಗಳಿಗೆ ವಿದ್ಯುದಂಶ ಕೊಟ್ಟು, ಅವು ನಿರ್ವಾತದಲ್ಲಿ ಹಾರುವಾಗ ಯಂತ್ರ ಒಂದೊಂದರ ತೂಕ ಹಿಡಿಯುತ್ತದೆ. ಇಂಥ ತೂಕದ ತುಂಡುಗಳು ಯಾವ ಪ್ರೋಟೀನಿನಿಂದ ಬರಲು ಸಾಧ್ಯ ಎಂದು ಕಂಪ್ಯೂಟರ್ ಪಟ್ಟಿಯಲ್ಲಿ ಹುಡುಕಿ ಹೇಳುತ್ತದೆ. ಹುರುಳಿಯ ಈ ಪ್ರೋಟೀನೋ ಚಿಕ್ಕದು, ಆದರೆ ಗಂಧಕದ ಕೊಂಡಿಗಳಿಂದ ಮೈಯೆಲ್ಲ ಬಿಗಿದುಕೊಂಡಿರುವಂಥದ್ದು. ತಿನ್ನಲು ಬಂದ ಹುಳುವಿನ ಹೊಟ್ಟೆಯಲ್ಲಿ ಟ್ರಿಪ್ಸಿನ್ನನ್ನೇ ಕಚ್ಚಿ ಹಿಡಿದು ನಿಲ್ಲಿಸುವುದು ಅದರ ಕಸುಬು. ಮೊದಲು ಆ ಗಂಟುಗಳನ್ನು ಪೂರ್ತಿ ಬಿಚ್ಚಬೇಕು, ಮತ್ತೆ ಕಟ್ಟಿಕೊಳ್ಳದಂತೆ ತುದಿಗಳನ್ನು ಮುಚ್ಚಬೇಕು, ಆಮೇಲಷ್ಟೇ ಕತ್ತರಿ. ರೂಢಿಯ ವಿಧಾನದಲ್ಲೂ ಈ ಹೆಜ್ಜೆ ಇದೆ, ಆದರೆ ಇಂಥ ಪ್ರೋಟೀನಿಗೆ ಅದನ್ನು ಇಮ್ಮಡಿ ಎಚ್ಚರದಿಂದ ಮಾಡಬೇಕು. ಇದನ್ನು ನಮಗೆ ತಿಳಿಸಿದವರು ಫೋನಿನ ಆ ಕಡೆ ಇದ್ದ ಆ ಹೆಣ್ಣುಮಗಳು. ಯಂತ್ರ ಹೇಳಲಿಲ್ಲ.

ನಾವು ಹಣ ಕಟ್ಟಿದ್ದು ಸ್ಯಾಂಪಲ್ಲಿಗೆ ಇಷ್ಟು ಎಂದು. ಆ ಹದಿನೈದು ನಿಮಿಷದ ಮಾತಿಗೆ ರಸೀದಿಯಲ್ಲಿ ಕಾಲಮ್ಮೇ ಇರಲಿಲ್ಲ. ಅವಳ ಎರಡು ವರ್ಷವನ್ನು ಉಳಿಸಿದ್ದು ಮಾತ್ರ ಆ ಮಾತು. ಪ್ರೋಟೀನ್ ಮತ್ತು ಡಿಎನ್‌ಎ ವಿಶ್ಲೇಷಣೆಗೆ ಸಾಮೂಹಿಕ ಪ್ರಯೋಗಾಲಯಗಳು ಬೇಕು ಎಂಬುದರಲ್ಲಿ ಇಂದು ಯಾರಿಗೂ ತಕರಾರಿಲ್ಲ. ನನ್ನ ವಾದ ಅದರ ಮುಂದಿನದು. ಯಂತ್ರವನ್ನು ಹಂಚಿಕೊಳ್ಳುವುದು ಈ ವ್ಯವಸ್ಥೆಯ ಸಣ್ಣ ಅರ್ಧ. ಅದನ್ನು ನಡೆಸಬಲ್ಲವರ ಅನುಭವವನ್ನು ಹಂಚಿಕೊಳ್ಳುವುದು ದೊಡ್ಡ ಅರ್ಧ. ನಾವು ಮೊದಲನೆಯದಕ್ಕೆ ಕೋಟಿಗಟ್ಟಲೆ ಸುರಿಯುತ್ತಿದ್ದೇವೆ, ಎರಡನೆಯದನ್ನು ಗುತ್ತಿಗೆಯ ಸಂಬಳಕ್ಕೆ ಬಿಟ್ಟಿದ್ದೇವೆ.

ಈ ಕೆಲಸ ಸಾಮೂಹಿಕವಾದದ್ದು ಹೇಗೆ ಎಂಬುದನ್ನು ನೋಡಿದರೂ ಇದೇ ಮಾತು ಕಾಣುತ್ತದೆ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಫ್ರೆಡರಿಕ್ ಸ್ಯಾಂಗರ್ ಇನ್ಸುಲಿನ್‌ನ 51 ಅಮೈನೋ ಆಮ್ಲಗಳ ಸರಣಿಯನ್ನು ಬಿಡಿಸಲು ಸುಮಾರು ಹತ್ತು ವರ್ಷ ತೆಗೆದುಕೊಂಡರು. ಸೋಸುಕಾಗದ, ಬಣ್ಣ, ಆಮ್ಲ, ಬೇಕಾದಷ್ಟು ತಾಳ್ಮೆ, ಇವೇ ಅವರ ಸಾಮಗ್ರಿ. 1958ರಲ್ಲಿ ಅದಕ್ಕೆ ನೊಬೆಲ್ ಬಂತು. ಅದೇ ಸ್ಯಾಂಗರ್ 1977ರಲ್ಲಿ ಡಿಎನ್‌ಎ ಅಕ್ಷರಗಳನ್ನು ಓದುವ ವಿಧಾನ ಕೊಟ್ಟು 1980ರಲ್ಲಿ ಎರಡನೆಯ ನೊಬೆಲ್ ಪಡೆದರು. ಸ್ವೀಡನ್ನಿನ ಪೇರ್ ಎಡ್ಮನ್ ಪ್ರೋಟೀನಿನ ಒಂದು ತುದಿಯಿಂದ ಒಂದೊಂದೇ ಅಮೈನೋ ಆಮ್ಲವನ್ನು ಬಿಡಿಸುವ ರಸಾಯನ ಕಂಡುಹಿಡಿದರು, 1967ರ ಹೊತ್ತಿಗೆ ಅದನ್ನು ಯಂತ್ರಕ್ಕೂ ಏರಿಸಿದರು. ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಲೆರಾಯ್ ಹುಡ್ ಅವರ ತಂಡ 1980ರ ದಶಕದಲ್ಲಿ ಪ್ರೋಟೀನ್ ಓದುವ, ಡಿಎನ್‌ಎ ಕಟ್ಟುವ, ಡಿಎನ್‌ಎ ಓದುವ ಸ್ವಯಂಚಾಲಿತ ಯಂತ್ರಗಳನ್ನು ಒಂದರ ಹಿಂದೊಂದು ತಂದಿತು. ಹತ್ತು ವರ್ಷದ ಕೆಲಸ ಹತ್ತು ದಿನಕ್ಕೆ ಇಳಿಯಿತು. ಆದರೆ ಆ ಯಂತ್ರಗಳ ಬೆಲೆ ಒಬ್ಬ ಪ್ರಾಧ್ಯಾಪಕರ ಗ್ರ್ಯಾಂಟಿಗೆ ನಿಲುಕುವಂತಿರಲಿಲ್ಲ. ಒಬ್ಬರ ಸ್ಯಾಂಪಲ್ಲುಗಳಿಂದ ಅವುಗಳ ಹೊಟ್ಟೆಯೂ ತುಂಬುತ್ತಿರಲಿಲ್ಲ. ಹೀಗಾಗಿ ವಿಶ್ವವಿದ್ಯಾಲಯಗಳು ಯಂತ್ರಗಳನ್ನು ಒಂದೆಡೆ ಇಟ್ಟು, ನಡೆಸಲು ನುರಿತವರನ್ನು ನೇಮಿಸಿ, ಎಲ್ಲ ವಿಭಾಗಗಳಿಗೂ ಬಾಗಿಲು ತೆರೆದವು.

ಅಲ್ಲಿ ಮುಂದೆ ನಡೆದದ್ದು ನಮಗೆ ಹೆಚ್ಚು ಮುಖ್ಯ. ಅಮೆರಿಕದ ಇಂಥ ಪ್ರಯೋಗಾಲಯಗಳವರು 1980ರ ದಶಕದ ಕೊನೆಗೆ ತಮ್ಮದೇ ಒಂದು ಸಂಘ ಕಟ್ಟಿಕೊಂಡರು. ಆ ಸಂಘ ಒಂದೇ ಗುಟ್ಟಿನ ಸ್ಯಾಂಪಲ್ಲನ್ನು ಎಲ್ಲ ಸದಸ್ಯ ಪ್ರಯೋಗಾಲಯಗಳಿಗೆ ಕಳಿಸುತ್ತಿತ್ತು. ಒಳಗೇನಿದೆ ಎಂದು ಯಾರಿಗೂ ತಿಳಿಸುತ್ತಿರಲಿಲ್ಲ. ಬಂದ ಉತ್ತರಗಳನ್ನು ಹೆಸರು ಮರೆಮಾಚಿ ಎಲ್ಲರ ಮುಂದಿಡುತ್ತಿತ್ತು. ಒಂದೇ ಸ್ಯಾಂಪಲ್ಲು, ಹೆಚ್ಚುಕಡಿಮೆ ಒಂದೇ ಬಗೆಯ ಯಂತ್ರ, ಆದರೂ ಉತ್ತರಗಳು ಒಂದೇ ಆಗಿರುತ್ತಿರಲಿಲ್ಲ. ವ್ಯತ್ಯಾಸ ಇದ್ದದ್ದು ಕೈಯಲ್ಲಿ, ಕಣ್ಣಿನಲ್ಲಿ, ಸ್ಯಾಂಪಲ್ ಸಿದ್ಧಪಡಿಸುವ ಶಿಸ್ತಿನಲ್ಲಿ. ತಮ್ಮ ಕೆಲಸವನ್ನು ತಾವೇ ಪರೀಕ್ಷೆಗೆ ಒಡ್ಡಿಕೊಳ್ಳುವ ಈ ಪದ್ಧತಿಯಿಂದ ಯಂತ್ರ ನಡೆಸುವುದು ಒಂದು ಘನವಾದ ವೃತ್ತಿಯಾಗಿ ಬೆಳೆಯಿತು.

ನಮ್ಮಲ್ಲಿ ಹಂಚಿಕೊಂಡು ಬಳಸುವುದು ಹೊಸ ಸಂಗತಿಯೇನಲ್ಲ. ಮಂಡ್ಯದ ಕಡೆಯ ಆಲೆಮನೆಯನ್ನು ನೆನೆಯಿರಿ. ಕಬ್ಬು ಒಬ್ಬೊಬ್ಬರದು, ಗಾಣ, ಕೊಪ್ಪರಿಗೆ, ಒಲೆ ಒಂದೇ ಕಡೆ. ಸರದಿ ಹಿಡಿದು ಗಾಡಿ ತರುತ್ತಾರೆ, ಅರೆಸುತ್ತಾರೆ, ಬೆಲ್ಲ ಒಯ್ಯುತ್ತಾರೆ. ಆದರೆ ಆಲೆಮನೆಯ ಹೆಸರು ನಿಂತಿರುವುದು ಗಾಣದ ಮೇಲಲ್ಲ. ಕೊಪ್ಪರಿಗೆಯ ಪಕ್ಕ ನಿಂತು, ನೊರೆಯ ಬಣ್ಣ ನೋಡಿ, ಒಂದು ತೊಟ್ಟು ಪಾಕವನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ, "ಈಗ ಇಳಿಸಿ" ಅನ್ನುವವನ ಮೇಲೆ. ಅವನು ಒಂದು ಗಳಿಗೆ ತಡಮಾಡಿದರೆ ಬೆಲ್ಲ ಕಪ್ಪಾಗುತ್ತದೆ, ಒಂದು ಗಳಿಗೆ ಮುಂಚೆ ಇಳಿಸಿದರೆ ಅಚ್ಚಿನಲ್ಲಿ ನಿಲ್ಲುವುದಿಲ್ಲ. ಗಾಣ ಸಾಲದಲ್ಲಿ ಸಿಗುತ್ತದೆ, ಆ ಹದ ಸಿಗುವುದಿಲ್ಲ. ಊರಿನವರಿಗೆ ಇದು ಗೊತ್ತು. ಹದ ಬಲ್ಲವನನ್ನು ಮುಂಗಡ ಕೊಟ್ಟು ಕರೆಸಿಕೊಳ್ಳುತ್ತಾರೆ.

ನಮ್ಮ ವಿಜ್ಞಾನ ಸಂಸ್ಥೆಗಳು ಗಾಣ ಕೊಳ್ಳುವುದರಲ್ಲಿ ಹಿಂದೆ ಬಿದ್ದಿಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 1970ರ ದಶಕದಲ್ಲೇ ದೊಡ್ಡ ಉಪಕರಣಗಳ ಪ್ರಾದೇಶಿಕ ಕೇಂದ್ರಗಳನ್ನು ಶುರುಮಾಡಿತು. ಇಂದು ಅವು ಸೈಫ್ ಎಂಬ ಹೆಸರಿನಲ್ಲಿ ನಡೆಯುತ್ತಿವೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಒಂದಿದೆ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಪಕ್ಕದಲ್ಲೇ ಜೈವಿಕ ತಂತ್ರಜ್ಞಾನ ಇಲಾಖೆ 2009ರಲ್ಲಿ ಸಿ-ಕ್ಯಾಂಪ್ ಸಂಸ್ಥೆಯನ್ನು ಕಟ್ಟಿತು. ಹೊರಗಿನವರಿಗೆ ಇಂಥ ಸೇವೆ ಒದಗಿಸುವುದು ಅದರ ಮೂಲ ಉದ್ದೇಶಗಳಲ್ಲೇ ಒಂದು. 2020ರ ಜನವರಿ 3ರಂದು ಬೆಂಗಳೂರಿನಲ್ಲಿ ಸೇರಿದ್ದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಐ-ಸ್ಟೆಮ್ ಎಂಬ ಜಾಲತಾಣ ಉದ್ಘಾಟನೆಯಾಯಿತು. ದೇಶದ ಯಾವ ಸಂಸ್ಥೆಯಲ್ಲಿ ಯಾವ ಯಂತ್ರವಿದೆ, ಹೊರಗಿನವರು ಅದನ್ನು ಬಳಸುವುದು ಹೇಗೆ ಎಂದು ತೋರಿಸುವ ಈ ನಕಾಶೆ ಭಾರತೀಯ ವಿಜ್ಞಾನ ಸಂಸ್ಥೆಯಿಂದಲೇ ನಡೆಯುತ್ತದೆ.

ಹಂಚಿಕೊಂಡಾಗ ಏನಾಗಬಲ್ಲದು ಎಂಬುದಕ್ಕೂ ನಮ್ಮಲ್ಲೇ ಸಾಕ್ಷಿಯಿದೆ. 2014ರಲ್ಲಿ ಮನುಷ್ಯನ ಪ್ರೋಟೀನುಗಳ ಕರಡು ನಕ್ಷೆಯೊಂದು 'ನೇಚರ್' ಪತ್ರಿಕೆಯಲ್ಲಿ ಬಂತು. 17,294 ಜೀನುಗಳ ಪ್ರೋಟೀನುಗಳನ್ನು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಕಂಡು ಗುರುತಿಸಿದ ಆ ಕೆಲಸದಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೊತೆ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಹೆಗಲು ಕೊಟ್ಟಿತ್ತು. ಕೋವಿಡ್ ಕಾಲದಲ್ಲಿ, 2020ರ ಡಿಸೆಂಬರಿನಲ್ಲಿ, ವೈರಸ್ಸಿನ ತಳಿಗಳನ್ನು ಓದಲು ಇನ್ಸಾಕಾಗ್ ಎಂಬ 10 ಪ್ರಯೋಗಾಲಯಗಳ ಕೂಟ ರಚನೆಯಾದಾಗ ನಮ್ಮ ನಿಮ್ಹಾನ್ಸೂ ಜಿಕೆವಿಕೆಯ ಜೀವವಿಜ್ಞಾನ ಸಂಸ್ಥೆಗಳೂ ಅದರಲ್ಲಿದ್ದವು. 10,000 ಭಾರತೀಯರ ಡಿಎನ್‌ಎಯನ್ನು ಪೂರ್ತಿ ಓದಿದ ಜೀನೋಮ್ ಇಂಡಿಯಾ ಯೋಜನೆಯಲ್ಲಿ 20 ಸಂಸ್ಥೆಗಳು ದುಡಿದವು. ಅದನ್ನು ಮುನ್ನಡೆಸಿದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ. ಇವುಗಳಲ್ಲಿ ಒಂದನ್ನೂ ಒಂದೇ ಸಂಸ್ಥೆ, ಒಂದೇ ಯಂತ್ರ ಇಟ್ಟುಕೊಂಡು ಮಾಡಲು ಆಗುತ್ತಿರಲಿಲ್ಲ.

ರೈತನ ಹೊಲಕ್ಕೂ ಇದು ಮುಟ್ಟುತ್ತದೆ. 2018ರಲ್ಲಿ ನಮ್ಮ ಮುಸುಕಿನ ಜೋಳದ ಹೊಲಗಳಲ್ಲಿ ಸುಳಿಯನ್ನೇ ತಿಂದುಹಾಕುವ ಹುಳುವೊಂದು ಕಾಣಿಸಿಕೊಂಡಿತು. ನೋಡಲು ಪರಿಚಿತ ಸೈನಿಕ ಹುಳುಗಳ ಹಾಗೆಯೇ ಇತ್ತು, ಆದರೆ ಹಾವಳಿ ಬೇರೆಯೇ ಬಗೆಯದು. ಶಿವಮೊಗ್ಗದ ಕೃಷಿ ವಿಜ್ಞಾನಿಗಳೂ ಬೆಂಗಳೂರಿನ ಕೃಷಿ ಕೀಟ ಸಂಪನ್ಮೂಲ ಬ್ಯೂರೋದವರೂ ಹುಳುವಿನ ಮೈಗುರುತುಗಳ ಜೊತೆ ಅದರ ಡಿಎನ್‌ಎಯನ್ನೂ ಓದಿಸಿದರು. ಪ್ರಾಣಿಗಳ ಜೀವಕೋಶದಲ್ಲಿರುವ ಒಂದು ಜೀನಿನ ಸುಮಾರು 650 ಅಕ್ಷರಗಳು ಜಾತಿಯ ಗುರುತಿನ ಚೀಟಿಯಂತೆ ಕೆಲಸ ಮಾಡುತ್ತವೆ. ಆ ಅಕ್ಷರಗಳು ಅದು ಅಮೆರಿಕ ಖಂಡದಿಂದ ಬಂದ ಫಾಲ್ ಆರ್ಮಿವರ್ಮ್ ಎಂದು ಖಚಿತಪಡಿಸಿದವು. ಭಾರತದಲ್ಲಿ ಆ ಕೀಟ ಮೊದಲು ದಾಖಲಾದದ್ದು ನಮ್ಮ ರಾಜ್ಯದಲ್ಲೇ. ಶತ್ರುವಿನ ಹೆಸರು ಗೊತ್ತಾದ ಮೇಲಲ್ಲವೇ ಮದ್ದಿನ ಮಾತು?

ಇಷ್ಟೆಲ್ಲ ಇದ್ದೂ ನಮ್ಮ ಅನೇಕ ವಿಶ್ವವಿದ್ಯಾಲಯ, ಕಾಲೇಜುಗಳಲ್ಲಿ ಕಾಣುವ ಚಿತ್ರ ಬೇರೆ. ಗ್ರ್ಯಾಂಟ್ ಬಂತೆಂದರೆ ಮೊದಲ ಯೋಚನೆ ನಮ್ಮದೇ ಒಂದು ಯಂತ್ರ ಕೊಳ್ಳುವುದು. ಟೆಂಡರ್ ಕರೆದು, ಯಂತ್ರ ಬಂದು, ರಿಬ್ಬನ್ ಕತ್ತರಿಸಿ, ಫೋಟೋ ತೆಗೆಸಿಕೊಂಡ ಮೇಲೆ ಕಷ್ಟ ಶುರು. ಖಾತರಿಯ ಅವಧಿ ಮುಗಿದ ಮೇಲೆ ವಾರ್ಷಿಕ ನಿರ್ವಹಣೆಯ ಕರಾರಿಗೇ ಯಂತ್ರದ ಬೆಲೆಯ ದೊಡ್ಡ ಪಾಲೊಂದನ್ನು ವರ್ಷವರ್ಷವೂ ಎತ್ತಿಡಬೇಕು. ಗ್ರ್ಯಾಂಟಿನಲ್ಲಿ ಯಂತ್ರಕ್ಕೆ ಹಣವಿರುತ್ತದೆ, ಕರಾರಿಗೆ ಇರುವುದಿಲ್ಲ. ಮಾಸ್ ಸ್ಪೆಕ್ಟ್ರೋಮೀಟರ್ ಬೇಕಾದಾಗ ಹಾಕಿ ಬೇಡವಾದಾಗ ಆರಿಸುವ ಮಿಕ್ಸಿಯಲ್ಲ. ಅದರ ನಿರ್ವಾತ ಹಗಲಿರುಳೂ ಉಳಿಯಬೇಕು, ಕೋಣೆ ತಂಪಾಗಿರಬೇಕು, ಕರೆಂಟು ಹೋದರೆ ಯುಪಿಎಸ್ ಹಿಡಿಯಬೇಕು. ಡಿಎನ್‌ಎ ಸೀಕ್ವೆನ್ಸರಿನ ಬಣ್ಣದ ರಾಸಾಯನಿಕಗಳಿಗೆ ಅವಧಿಯಿದೆ, ಬಳಸಲಿ ಬಿಡಲಿ ಅವು ಕೆಡುತ್ತವೆ. ವಾರಕ್ಕೆ ನಾಲ್ಕು ಸ್ಯಾಂಪಲ್ ಬರುವ ಕಡೆ ಈ ಯಂತ್ರ ಬದುಕಲಾರದು. ನಾಲ್ಕನೆಯ ವರ್ಷಕ್ಕೆ ಅದರ ಮೇಲೆ ಬಟ್ಟೆಯ ಹೊದಿಕೆ ಬೀಳುತ್ತದೆ. ಹೊದಿಕೆಯ ಕೆಳಗೆ ಮಲಗಿದ ಯಂತ್ರಗಳನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ. ಜನರ ತೆರಿಗೆಯ ಹಣ ಹಾಗೆ ಧೂಳು ತಿನ್ನುವುದನ್ನು ಕಂಡಾಗ ಸಂಕಟವಾಗುತ್ತದೆ.

ಸಾಮೂಹಿಕ ಪ್ರಯೋಗಾಲಯದ ವಿರುದ್ಧವೂ ನ್ಯಾಯವಾದ ಮಾತುಗಳಿವೆ. ಅವನ್ನು ತಳ್ಳಿಹಾಕಿ ಮುಂದೆ ಹೋಗುವಂತಿಲ್ಲ.

ಮೊದಲನೆಯದು ಸ್ವಾತಂತ್ರ್ಯದ ಮಾತು. ಸಂಶೋಧನೆ ಎಂದರೆ ಇಂದು ಮಾಡಿ ನೋಡಿ, ಕೆಟ್ಟರೆ ನಾಳೆ ತಿದ್ದಿ ಮಾಡುವುದು. ಒಂದೊಂದು ತಿದ್ದುಪಡಿಗೂ ಮೂರು ವಾರ ಸರದಿ ಕಾದರೆ ಯೋಚನೆಯ ಬಿಸಿಯೇ ಆರಿಹೋಗುತ್ತದೆ. ಇದು ನಿಜ. ಅದಕ್ಕೇ ದಿನನಿತ್ಯ ಬೇಕಾಗುವ ಪಿಸಿಆರ್ ಯಂತ್ರ, ಜೆಲ್ ಪೆಟ್ಟಿಗೆ, ಸೆಂಟ್ರಿಫ್ಯೂಜ್ ಪ್ರತಿ ಕಾಲೇಜಿನಲ್ಲೂ ಇರಲೇಬೇಕು. ಪ್ರತಿ ಮನೆಯಲ್ಲೂ ಒರಳಿರಲಿ, ಗಾಣ ಮಾತ್ರ ಊರಿಗೊಂದಿರಲಿ. ಸ್ಯಾಂಪಲ್ಲನ್ನು ಶುದ್ಧವಾಗಿ ಸಿದ್ಧಪಡಿಸುವ ಕೆಲಸ ನಮ್ಮಲ್ಲೇ ಆದಷ್ಟೂ ದೊಡ್ಡ ಯಂತ್ರದ ಮುಂದಿನ ಸರದಿ ಕಡಿಮೆಯಾಗುತ್ತದೆ, ಕೆಟ್ಟ ಸ್ಯಾಂಪಲ್ಲಿಗೆ ವ್ಯರ್ಥವಾಗುವ ಗಂಟೆಗಳೂ ಉಳಿಯುತ್ತವೆ.

ಎರಡನೆಯ ಮಾತು ಖಾಸಗಿ ಕಂಪನಿಗಳದು. ಇಂದು ಡಿಎನ್‌ಎಯನ್ನು ಒಂದು ಕೊಳವೆಯಲ್ಲಿ ಹಾಕಿ ಕೊರಿಯರ್ ಮಾಡಿದರೆ ಕೆಲವು ನೂರು ರೂಪಾಯಿಗೆ ಓದಿ ಫೈಲು ಕಳಿಸುವವರಿದ್ದಾರೆ. ಹೀಗಿರುವಾಗ ಸಾರ್ವಜನಿಕ ಕೇಂದ್ರ ಏಕೆ? ರೂಢಿಯ ಕೆಲಸಕ್ಕೆ ಕಂಪನಿ ಸಾಕು, ನಾನೂ ಕಳಿಸುತ್ತೇನೆ. ಕಷ್ಟ ಬರುವುದು ರೂಢಿ ತಪ್ಪಿದಾಗ. ಡಿಎನ್‌ಎ ಓದಿದ ಫೈಲಿನಲ್ಲಿ ನಾಲ್ಕು ಅಕ್ಷರಕ್ಕೆ ನಾಲ್ಕು ಬಣ್ಣದ ಶಿಖರಗಳು ಸಾಲಾಗಿ ನಿಂತಿರುತ್ತವೆ. ಎಗೆ ಹಸಿರು, ಸಿಗೆ ನೀಲಿ, ಜಿಗೆ ಕಪ್ಪು, ಟಿಗೆ ಕೆಂಪು. ಚೆನ್ನಾಗಿ ಬಂದ ಓದಿನಲ್ಲಿ ಒಂದರ ಪಕ್ಕ ಒಂದು ಶಿಖರ ನೇರವಾಗಿ ನಿಲ್ಲುತ್ತದೆ. ನಮ್ಮ ಒಬ್ಬ ವಿದ್ಯಾರ್ಥಿಯ ಫೈಲಿನಲ್ಲಿ ಒಂದು ಜಾಗದಿಂದಾಚೆಗೆ ಒಂದೊಂದು ಸ್ಥಾನದಲ್ಲೂ ಎರಡೆರಡು ಬಣ್ಣ ಒಂದರ ಮೇಲೊಂದು ಬಿದ್ದಿದ್ದವು. ಕಂಪ್ಯೂಟರ್ ಎತ್ತರದ ಶಿಖರವನ್ನೇ ಆರಿಸಿ ಏನೋ ಒಂದು ಸರಣಿ ಬರೆದುಕೊಟ್ಟಿತ್ತು. ಅದನ್ನೇ ನಂಬಿದ್ದರೆ ತಪ್ಪು ಲೇಖನವೊಂದು ಹೊರಬೀಳುತ್ತಿತ್ತು. ಎರಡು ಬಣ್ಣ ಬಿದ್ದದ್ದು ಸ್ಯಾಂಪಲ್ಲಿನಲ್ಲಿ ಎರಡು ಜೀವಿಗಳು ಬೆರೆತದ್ದರಿಂದಲೋ, ತಂದೆ ತಾಯಿಯಿಂದ ಬಂದ ಎರಡು ಪ್ರತಿಗಳಲ್ಲಿ ಒಂದಕ್ಷರ ಬಿಟ್ಟುಹೋಗಿರುವುದರಿಂದಲೋ, ಎಂದು ಕೇಳಬೇಕು. ಮೊದಲಿನದಾದರೆ ಗೊಂದಲ ಸಾಮಾನ್ಯವಾಗಿ ಆರಂಭದಿಂದಲೇ ಇರುತ್ತದೆ, ಎರಡನೆಯದಾದರೆ ಒಂದು ಬಿಂದುವಿನಿಂದ ಶುರುವಾಗುತ್ತದೆ. ನಮಗೆ ಇದನ್ನು ಕೂತು ಬಿಡಿಸಿ ಹೇಳಿದವರು ಸಾರ್ವಜನಿಕ ಕೇಂದ್ರವೊಂದರ ಹಿರಿಯ ತಂತ್ರಜ್ಞರು. ಕಂಪನಿಗೆ ನಾವು ಗಿರಾಕಿಗಳು, ಫೈಲು ತಲುಪಿದರೆ ಅವರ ಜವಾಬ್ದಾರಿ ಮುಗಿಯಿತು. ಸಾರ್ವಜನಿಕ ಕೇಂದ್ರಕ್ಕೆ ನಾವು ಕಲಿಯಲು ಬಂದವರೂ ಹೌದು. ಆ ವ್ಯತ್ಯಾಸ ಉಳಿದರೆ ಮಾತ್ರ ಸಾರ್ವಜನಿಕ ಹಣ ಅಲ್ಲಿ ಹೂಡಿದ್ದಕ್ಕೆ ಅರ್ಥ.

ಮೂರನೆಯದು ಕಲಿಕೆಯ ಮಾತು. ಯಂತ್ರವನ್ನು ಮುಟ್ಟದೆಯೇ, ಫೈಲು ಮಾತ್ರ ನೋಡಿ ಪಿಎಚ್‌ಡಿ ಪಡೆದವರು ನಾಳೆ ಏನು ಕಲಿಸುತ್ತಾರೆ? ಈ ಆಕ್ಷೇಪಕ್ಕೆ ನಾನು ಪೂರ್ತಿ ತಲೆಬಾಗುತ್ತೇನೆ. ಕೌಂಟರಿನಲ್ಲಿ ಡಬ್ಬಿ ಇಸಿದುಕೊಂಡು, ಬಾಗಿಲು ಹಾಕಿಕೊಂಡು, ತಿಂಗಳ ಮೇಲೆ ಇಮೇಲ್ ಕಳಿಸುವ ಕೇಂದ್ರ ನನ್ನ ಲೆಕ್ಕದಲ್ಲಿ ಸಾಮೂಹಿಕ ಪ್ರಯೋಗಾಲಯವಲ್ಲ. ಅದು ಅಂಚೆ ಕಚೇರಿ. ವಿದ್ಯಾರ್ಥಿ ಅಲ್ಲಿ ಎರಡು ದಿನ ನಿಂತು, ತನ್ನ ಸ್ಯಾಂಪಲ್ ಯಂತ್ರಕ್ಕೆ ಏರುವುದನ್ನು ನೋಡಿ, ತೆರೆಯ ಮೇಲೆ ಶಿಖರಗಳು ಏಳುವಾಗ ಪಕ್ಕದಲ್ಲಿ ಕೂತು ಪ್ರಶ್ನೆ ಕೇಳುವಂತಿರಬೇಕು. ಅದಕ್ಕೆ ಉಳಿಯಲು ಒಂದು ಕೋಣೆ ಬೇಕು, ಉತ್ತರ ಹೇಳಲು ಪುರುಸೊತ್ತಿರುವ ಜನ ಬೇಕು.

ನಾಲ್ಕನೆಯದು ದೂರದ ಮಾತು. ಇದೇ ನನಗೆ ಎಲ್ಲಕ್ಕಿಂತ ಭಾರವಾಗಿ ಕಾಣುತ್ತದೆ. ನಮ್ಮ ದೊಡ್ಡ ಕೇಂದ್ರಗಳಲ್ಲಿ ಹೆಚ್ಚಿನವು ಬೆಂಗಳೂರಿನಲ್ಲಿವೆ. ಬೀದರಿನ ವಿದ್ಯಾರ್ಥಿಗೆ, ಕಾರವಾರದ ಅಧ್ಯಾಪಕಿಗೆ ಐಸು ಕರಗುವ ಮುನ್ನ ಅಲ್ಲಿಗೆ ತಲುಪುವುದೇ ಒಂದು ಪ್ರಯೋಗ. ರೋಗದ ವಿಷಯದಲ್ಲಂತೂ ದೂರ ಎಂದರೆ ಪ್ರಾಣದ ಪ್ರಶ್ನೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆಯ ವೈರಸ್ಸನ್ನು ಪತ್ತೆಹಚ್ಚಲು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯನ್ನು ಮಲೆನಾಡು ಬಹುಕಾಲ ನೆಚ್ಚಿಕೊಂಡಿತ್ತು. ಶಿವಮೊಗ್ಗದ ವೈರಾಣು ಪತ್ತೆ ಪ್ರಯೋಗಾಲಯದಂಥವು ಹತ್ತಿರದಲ್ಲಿ ಇದ್ದಾಗ ಜ್ವರ ಬಂದವನ ರಕ್ತ ರಾಜ್ಯ ದಾಟಿ ಹೋಗಿ ಉತ್ತರ ತರುವವರೆಗೆ ಕಾಯಬೇಕಿಲ್ಲ. ಇದರಿಂದ ಕಲಿಯಬೇಕಾದ ಪಾಠ ಜಿಲ್ಲೆಗೊಂದು ಮಾಸ್ ಸ್ಪೆಕ್ಟ್ರೋಮೀಟರ್ ಇಡಬೇಕೆಂಬುದಲ್ಲ, ಇಟ್ಟರೆ ಹೊದಿಕೆಗಳ ಸಂಖ್ಯೆ ಹೆಚ್ಚುತ್ತದೆ ಅಷ್ಟೇ. ಎರಡು ಮೂರು ಜಿಲ್ಲೆಗೊಂದು ಸಿದ್ಧತಾ ಪ್ರಯೋಗಾಲಯ ಬೇಕು. ಡಿಎನ್‌ಎ ತೆಗೆದು, ಶುದ್ಧತೆ ಅಳೆದು, ಪ್ರೋಟೀನನ್ನು ತುಂಡರಿಸಿ ಒಣಗಿಸುವವರೆಗಿನ ಕೆಲಸ ಅಲ್ಲೇ ಮುಗಿಯಬೇಕು. ಒಣಗಿದ ತುಂಡುಗಳು ಐಸಿಲ್ಲದೆಯೂ ಒಂದೆರಡು ದಿನದ ಪ್ರಯಾಣ ತಾಳಿಕೊಳ್ಳುತ್ತವೆ. ಬೆಂಗಳೂರು, ಧಾರವಾಡ, ಮೈಸೂರಿನ ದೊಡ್ಡ ಯಂತ್ರಗಳಿಗೆ ಹೋಗಬೇಕಾದದ್ದು ಹೀಗೆ ಸಿದ್ಧವಾದ ಸ್ಯಾಂಪಲ್ ಮಾತ್ರ.

ಈಗ ಮತ್ತೆ ಹದ ಬಲ್ಲವರ ಮಾತಿಗೆ ಬರುತ್ತೇನೆ, ಏಕೆಂದರೆ ಮೇಲಿನ ನಾಲ್ಕೂ ಆಕ್ಷೇಪಗಳ ಉತ್ತರ ಕೊನೆಗೆ ಅವರ ಬಾಗಿಲಲ್ಲೇ ನಿಲ್ಲುತ್ತದೆ. ನಮ್ಮಲ್ಲಿ ಈ ಯಂತ್ರಗಳನ್ನು ನಡೆಸುವವರಲ್ಲಿ ಅನೇಕರು ಪ್ರಾಜೆಕ್ಟಿನ ಗುತ್ತಿಗೆಯಲ್ಲಿದ್ದಾರೆ. ವರ್ಷಕ್ಕೊಮ್ಮೆ ನವೀಕರಣ, ಪ್ರಾಜೆಕ್ಟ್ ಮುಗಿದರೆ ಮನೆ. ಒಂದು ಮಾಸ್ ಸ್ಪೆಕ್ಟ್ರೋಮೀಟರಿನ ಸ್ವಭಾವ ಕೈಗೆ ಹತ್ತಲು ಎರಡು ಮೂರು ವರ್ಷ ಬೇಕು. ಹತ್ತಿದ ವರ್ಷವೇ ಅವರು ಹೆಚ್ಚು ಸಂಬಳದ ಔಷಧ ಕಂಪನಿಗೆ ಹೋಗುತ್ತಾರೆ. ಅವರನ್ನು ದೂರುವುದಕ್ಕಾಗುವುದಿಲ್ಲ, ಅವರಿಗೂ ಮಕ್ಕಳ ಫೀಸು, ಮನೆ ಬಾಡಿಗೆ ಇದೆ. ಹೊಸಬರು ಬಂದು ಮತ್ತೆ ಮೊದಲಿನಿಂದ ಕಲಿಯುತ್ತಾರೆ, ಆ ಕಲಿಕೆಯ ಬೆಲೆಯನ್ನು ಹೊರಗಿನಿಂದ ಬಂದ ಸ್ಯಾಂಪಲ್ಲುಗಳು ತೆರುತ್ತವೆ.

ಹಾಗಾಗಿ ನಾನು ಕೇಳುವುದು ಇಷ್ಟು. ಕೋಟಿ ಬೆಲೆಯ ಯಂತ್ರವೊಂದಕ್ಕೆ ಮಂಜೂರಾತಿ ಕೊಡುವಾಗ ಅದನ್ನು ನಡೆಸುವವರಿಗೆ ಕಾಯಂ ಹುದ್ದೆಯನ್ನೂ, ಹತ್ತು ವರ್ಷದ ನಿರ್ವಹಣೆಯ ಹಣವನ್ನೂ ಅದೇ ಆದೇಶದಲ್ಲಿ ಬರೆಯಬೇಕು. ಎರಡೂ ಇಲ್ಲದಿದ್ದರೆ ಯಂತ್ರ ಕೊಳ್ಳುವುದೇ ಬೇಡ. ತಂತ್ರಜ್ಞರಿಗೆ ಅಧ್ಯಾಪಕರಿಗಿರುವಂತೆಯೇ ಬಡ್ತಿಯ ಏಣಿ ಬೇಕು. ಉಪನ್ಯಾಸಕ, ಪ್ರಾಧ್ಯಾಪಕ ಎಂಬ ಮೆಟ್ಟಿಲುಗಳಿರುವಾಗ ಯಂತ್ರ ಬಲ್ಲವರು ಇಪ್ಪತ್ತು ವರ್ಷ ಒಂದೇ ಮೆಟ್ಟಿಲಲ್ಲಿ ಏಕೆ ನಿಲ್ಲಬೇಕು? ದರಪಟ್ಟಿ ಎಲ್ಲರಿಗೂ ಕಾಣುವಂತಿರಲಿ. ಕಂಪನಿಗೆ ಪೂರ್ತಿ ದರ, ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗೆ ರಾಸಾಯನಿಕದ ಖರ್ಚು ಮಾತ್ರ. ಫಲಿತಾಂಶ ಕೊಡುವಾಗ ತೀರ್ಪಿನ ಪಟ್ಟಿಯ ಜೊತೆ ಯಂತ್ರದ ಮೂಲ ಫೈಲನ್ನೂ ಕೊಡಲಿ, ಕೆಟ್ಟದ್ದು ಏಕೆ ಕೆಟ್ಟಿತು ಎಂದು ಎರಡು ಸಾಲು ಬರೆಯಲಿ. ಅಮೆರಿಕದ ಆ ಸಂಘ ಮಾಡಿದಂತೆ ನಮ್ಮ ಕೇಂದ್ರಗಳೂ ವರ್ಷಕ್ಕೊಮ್ಮೆ ಗುಟ್ಟಿನ ಸ್ಯಾಂಪಲ್ಲಿನ ಪರೀಕ್ಷೆಗೆ ತಮ್ಮನ್ನು ಒಡ್ಡಿಕೊಳ್ಳಲಿ. ಎಲ್ಲಕ್ಕಿಂತ ಮೊದಲು, ಸ್ಯಾಂಪಲ್ ತರುವ ಮುಂಚೆಯೇ ಅರ್ಧ ಗಂಟೆ ಮಾತಾಡುವುದನ್ನು ಸೇವೆಯ ಒಂದು ಭಾಗವಾಗಿ ಮಾಡಲಿ. ಆ ಮಾತು ಕನ್ನಡದಲ್ಲೂ ನಡೆಯುವಂತಿರಲಿ. ನಮ್ಮ ಹಳ್ಳಿ ಕಡೆಯ ಮಕ್ಕಳು ಇಂಗ್ಲಿಷಿನಲ್ಲಿ ಅರ್ಜಿ ತುಂಬಬಲ್ಲರು, ಆದರೆ ತಮಗೆ ಏನು ಗೊತ್ತಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಲು ಅವರಿಗೆ ತಮ್ಮ ಭಾಷೆಯೇ ಬೇಕು. ಹುರುಳಿಯ ಪ್ರೋಟೀನು ಮಾಡುವ ಕೆಲಸ ಏನೆಂದು ಆ ಮೇಡಂ ಕನ್ನಡದಲ್ಲಿ ಕೇಳದಿದ್ದರೆ ಇವಳ ಬಾಯಿಂದ ಆ ಉತ್ತರ ಅಷ್ಟು ಸಲೀಸಾಗಿ ಬರುತ್ತಿತ್ತೆಂದು ನನಗನ್ನಿಸುವುದಿಲ್ಲ.

ಇದಕ್ಕೆಲ್ಲ ಹಣವೆಲ್ಲಿ ಎಂದು ಕೇಳುವವರಿದ್ದಾರೆ. ಹೊದಿಕೆಯ ಕೆಳಗೆ ಮಲಗಿರುವ ಯಂತ್ರಗಳಲ್ಲಿ ಆ ಹಣ ಇದೆ. ಒಂದೇ ಊರಿನ ಮೂರು ಸಂಸ್ಥೆಗಳು ಒಂದೇ ಬಗೆಯ ಮೂರು ಯಂತ್ರ ಕೊಳ್ಳುವ ಬದಲು ಒಂದನ್ನು ಕೊಂಡರೆ, ಉಳಿದ ಎರಡರ ಬೆಲೆಯಲ್ಲಿ ಇಬ್ಬರು ಮೂವರು ನುರಿತವರಿಗೆ ಬಹಳ ವರ್ಷ ಗೌರವದ ಸಂಬಳ ಕೊಡಬಹುದು. ಇದು ಯಾರು ಬೇಕಾದರೂ ಬೆರಳಲ್ಲಿ ಎಣಿಸಬಹುದಾದ ಲೆಕ್ಕ.

ಹುಡುಗಿ ಎರಡನೆಯ ಸಲ ಹೋದಾಗ ಡಬ್ಬಿ ಅಷ್ಟು ದೊಡ್ಡದಿರಲಿಲ್ಲ. ಗ್ಲೌಸು, ಕ್ಯಾಪು ಹಾಕಿಕೊಂಡು, ಹೊಸ ಬ್ಲೇಡಿನಲ್ಲಿ ಕೊಯ್ದು, ಮೇಡಂ ಬರೆದುಕೊಟ್ಟ ಕ್ರಮದಂತೆ ಗಂಧಕದ ಗಂಟುಗಳನ್ನು ಬಿಚ್ಚಿ, ತುದಿ ಮುಚ್ಚಿ, ರಾತ್ರಿಯಿಡೀ ಟ್ರಿಪ್ಸಿನ್ನಿನಲ್ಲಿಟ್ಟು, ಒಣಗಿಸಿ ಒಯ್ದಿದ್ದಳು. ಆ ಮೇಡಂ ಅವಳನ್ನು ತೆರೆಯ ಪಕ್ಕ ಕೂರಿಸಿಕೊಂಡರು. ಈ ಸಲ ಪಟ್ಟಿಯ ಮೇಲೆ ಬಂದದ್ದು ಹುರುಳಿಯ ಹೆಸರು. ಕೆರಾಟಿನ್ ಎಲ್ಲೋ ಕೆಳಗೆ ಉಳಿದಿತ್ತು, ಅದು ಪೂರ್ತಿ ಹೋಗುವುದು ಅಪರೂಪ.

ಪ್ರಬಂಧ ಬರೆಯುವಾಗ ಅವಳು ಒಂದು ಪ್ರಶ್ನೆ ತಂದಳು. ಹಳೆಯ ಪ್ರಬಂಧಗಳನ್ನು ಮಾದರಿಗೆಂದು ನೋಡಿದ್ದಳು. ಎಲ್ಲದರಲ್ಲೂ ಯಂತ್ರದ ಕಂಪನಿ, ಮಾದರಿ ಸಂಖ್ಯೆ, ತಂತ್ರಾಂಶದ ಆವೃತ್ತಿ ತಪ್ಪದೆ ಅಚ್ಚಾಗಿದ್ದವು. ಯಂತ್ರ ನಡೆಸಿದವರ ಹೆಸರು ಒಂದರಲ್ಲೂ ಇರಲಿಲ್ಲ. "ಸರ್, ವಿಧಾನದ ಅಧ್ಯಾಯದಲ್ಲಿ ಅವರ ಹೆಸರು ಬರೆಯಬಹುದಾ?" ಎಂದು ಕೇಳಿದಳು. ಬರೆಯಬಹುದು, ಬರೆಯಲೇಬೇಕು ಅಂದೆ. ಪ್ರಕಟವಾಗುವ ಲೇಖನದಲ್ಲಿ ಅವರನ್ನು ಸಹಲೇಖಕರನ್ನಾಗಿ ಮಾಡೋಣ, ಟ್ರಿಪ್ಸಿನ್ನಿನ ಆ ಪ್ರಶ್ನೆ ಕೇಳಿದ್ದು ಅವರಲ್ಲವೇ ಅಂದೆ. ಅವಳು ಅಲ್ಲೇ ಕುಳಿತು, ಮಾದರಿ ಸಂಖ್ಯೆ ಬರೆದಿದ್ದ ಸಾಲಿನ ಮೇಲೆ ಜಾಗ ಬಿಡಿಸಿಕೊಂಡು, ಮೊದಲು ಅವರ ಹೆಸರನ್ನು ಬರೆದಳು.